ಕ್ಯಾಮೆರಾ ಹಾಕಿದ ದಂಡ: ಕಟ್ಟುವ ಮುನ್ನ ಚಿತ್ರವನ್ನು ನೋಡಿ

ಪ್ರಶ್ನೆ: ಮಾನ್ಯರೇ, 2024ರ ಅಕ್ಟೋಬರ್ ತಿಂಗಳ ಒಂದು ಸಂಜೆ ಬೆಂಗಳೂರಿನಲ್ಲಿ ಕಾರು ಓಡಿಸಿಕೊಂಡು ಮನೆಗೆ ಮರಳುತ್ತಿದ್ದೆ. ಸಿಗ್ನಲ್‌ನಲ್ಲಿ ಕೆಂಪು ದೀಪವಿದ್ದುದರಿಂದ ಬಿಳಿ ಗೆರೆಯ ಹಿಂದೆ, ಎಲ್ಲರಿಗಿಂತ ಮುಂದೆ ನಿಂತಿದ್ದೆ. ಆಗ ಹಿಂದಿನಿಂದ ಸೈರನ್ ಮೊಳಗಿಸುತ್ತ ಆಂಬುಲೆನ್ಸ್ ಬಂತು. ನನ್ನ ಎಡಕ್ಕೆ ಬಸ್ಸು, ಬಲಕ್ಕೆ ರಸ್ತೆ ವಿಭಜಕ. ಗೆರೆ ದಾಟಿ ಮುಂದಕ್ಕೆ ಹೋಗದೆ ದಾರಿ ಬಿಡುವುದು ಸಾಧ್ಯವೇ ಇರಲಿಲ್ಲ. ಒಂದು ಕಾರಿನ ಉದ್ದದಷ್ಟು ಮುಂದೆ ಹೋಗಿ, ಬಸ್ಸಿನ ಮುಂದಕ್ಕೆ ಸರಿದು ನಿಂತೆ, ಆಂಬುಲೆನ್ಸ್ ಹೋಯಿತು. ಮೂರನೆಯ ದಿನ ಸಿಗ್ನಲ್ ಉಲ್ಲಂಘನೆಗೆ 500 ರೂಪಾಯಿ ದಂಡವೆಂದು ಮೊಬೈಲಿಗೆ ಸಂದೇಶ ಬಂದಿದೆ. ಮನೆಯವರೆಲ್ಲ ‘ಐನೂರು ರೂಪಾಯಿ ತಾನೆ, ಕಟ್ಟಿಬಿಡಿ’ ಎನ್ನುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ನೋಟಿಸಿನ ಚಿತ್ರಗಳ ಪ್ರತಿಯನ್ನು ಲಗತ್ತಿಸಿದ್ದೇನೆ. ದಯವಿಟ್ಟು ದಾರಿ ತೋರಿಸಿ.
– ನಿವೃತ್ತ ಶಿಕ್ಷಕರು, ಬೆಂಗಳೂರು

ಉತ್ತರ: ಕಟ್ಟಬೇಡಿ. ಕನಿಷ್ಠ ಈಗಲೇ ಕಟ್ಟಬೇಡಿ. ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಸರಿಯಾದ ಕಾರಣವಿದೆ, ಮತ್ತು ಆ ಕಾರಣಕ್ಕೆ ಬೇಕಾದ ಸಾಕ್ಷ್ಯದ ಒಂದು ಭಾಗವು ಅವರು ನಿಮಗೆ ಕಳುಹಿಸಿರುವ ಚಿತ್ರದಲ್ಲಿಯೇ ಇದೆ.

ಮೊದಲು ಆ ಎರಡು ಚಿತ್ರಗಳನ್ನು ನಿಧಾನವಾಗಿ ನೋಡೋಣ. ಮೊದಲನೆಯದರಲ್ಲಿ ನಿಮ್ಮ ಮುಂದಿನ ಚಕ್ರಗಳು ಗೆರೆಯ ಮೇಲಿವೆ. ಎರಡನೆಯದರಲ್ಲಿ ಇಡೀ ಕಾರು ಗೆರೆಯಿಂದ ಆಚೆಗಿದೆ. ಮೂಲೆಯಲ್ಲಿ ನಮೂದಾಗಿರುವ ಸಮಯದಂತೆ ಇವೆರಡರ ನಡುವೆ ನಾಲ್ಕು ಸೆಕೆಂಡುಗಳ ಅಂತರವಿದೆ. ಸಿಗ್ನಲ್ ಜಂಪ್ ಮಾಡುವ ಉದ್ದೇಶವುಳ್ಳ ವಾಹನವು ನಾಲ್ಕು ಸೆಕೆಂಡುಗಳಲ್ಲಿ ವೃತ್ತದ ನಡುಭಾಗವನ್ನೇ ದಾಟಿರುತ್ತದೆ, ನಿಮ್ಮ ಕಾರು ಸರಿದಿರುವುದು ತನ್ನದೇ ಉದ್ದದಷ್ಟು ಮಾತ್ರ. ಇನ್ನೂ ಮುಖ್ಯವಾದದ್ದು ಮೊದಲ ಚಿತ್ರದ ಮೇಲಂಚಿನಲ್ಲಿದೆ. ನಿಮ್ಮ ಕಾರಿನ ಛಾವಣಿಯ ಹಿಂದೆ ಬಿಳಿ ವಾಹನವೊಂದರ ಮೂತಿ ಅರ್ಧ ಕಾಣುತ್ತದೆ, ಅದರ ಮೇಲೆ ಕೆಂಪು ಅಕ್ಷರಗಳು ತಿರುಗುಮುರುಗಾಗಿವೆ. ಮುಂದಿನ ವಾಹನದವರು ತಮ್ಮ ಕನ್ನಡಿಯಲ್ಲಿ ನೆಟ್ಟಗೆ ಓದಿಕೊಳ್ಳಲೆಂದು ಆಂಬುಲೆನ್ಸ್‌ಗಳ ಮುಂಭಾಗದಲ್ಲಿ ಹೆಸರನ್ನು ಹಾಗೆ ಬರೆಯುತ್ತಾರೆ. ಚಿತ್ರವನ್ನು ಸರಿಯಾಗಿ ಅಲ್ಲಿಗೇ ಕತ್ತರಿಸಲಾಗಿದೆ. ಯಂತ್ರಕ್ಕೆ ಬೇಕಾದದ್ದು ಗೆರೆ, ದೀಪ ಮತ್ತು ನಂಬರ್ ಪ್ಲೇಟ್. ಹಿಂದೆ ಯಾರ ಜೀವ ಹೋಗುತ್ತಿತ್ತೆಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಆ ಲೆಕ್ಕವನ್ನು ಮನುಷ್ಯರು ಮಾಡಬೇಕು, ಅವರಿಂದ ಮಾಡಿಸುವ ಕೆಲಸ ಈಗ ನಿಮ್ಮದಾಗಿದೆ.

ಕಾನೂನಿನ ಮಾತಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ 194ಇ ಕಲಂ ಸೇರಿದೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಮುಂತಾದವುಗಳಿಗೆ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. ದಾರಿ ಬಿಡದಿದ್ದರೆ ಇಷ್ಟು ಕಠಿಣವಾದ ಶಿಕ್ಷೆ ಇರುವಾಗ, ದಾರಿ ಬಿಟ್ಟ ಕಾರಣಕ್ಕೇ ದಂಡ ವಿಧಿಸುವುದು ನ್ಯಾಯವಾಗಲಾರದು. ದೊಡ್ಡ ಹಾನಿಯನ್ನು ತಪ್ಪಿಸಲು ಸದುದ್ದೇಶದಿಂದ ಮಾಡಿದ ಕೃತ್ಯವು ಅಪರಾಧವಲ್ಲವೆಂಬ ತತ್ತ್ವ ಹಳೆಯ ದಂಡ ಸಂಹಿತೆಯ 81ನೆಯ ಕಲಮಿನಲ್ಲಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 19ನೆಯ ಕಲಂ ಆಗಿದೆ. ನಿಮ್ಮ ಮನವಿಯಲ್ಲಿ 194ಇ ಮತ್ತು 19, ಈ ಎರಡು ಕಲಮುಗಳನ್ನು ಉಲ್ಲೇಖಿಸಿದರೆ ಸಾಕು, ಅದಕ್ಕಿಂತ ಹೆಚ್ಚಿನ ಕಾನೂನು ಪಾಂಡಿತ್ಯ ಅಲ್ಲಿ ಬೇಕಿಲ್ಲ.

ಇನ್ನು ಕ್ಯಾಮೆರಾ ದಂಡಕ್ಕೇ ಸಂಬಂಧಿಸಿದ ನಿಯಮವೊಂದನ್ನು ಪ್ರತಿಯೊಬ್ಬ ವಾಹನ ಮಾಲೀಕರೂ ತಿಳಿದಿರಬೇಕೆಂದು ನನ್ನ ಆಸೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಲಾದ 167ಎ ನಿಯಮದಂತೆ, ಇಂಥ ಸಾಧನಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಅನುಮೋದನಾ ಪ್ರಮಾಣಪತ್ರ ಇರಬೇಕು ಮತ್ತು ಅದು ಪ್ರತಿವರ್ಷ ನವೀಕರಣವಾಗಬೇಕು. ಕ್ಯಾಮೆರಾ ಇರುವ ಸ್ಥಳಕ್ಕೆ ಮೊದಲೇ ಜನರಿಗೆ ಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು. ಘಟನೆ ನಡೆದ ಹದಿನೈದು ದಿನಗಳೊಳಗೆ ನೋಟಿಸ್ ಕಳುಹಿಸಬೇಕು. ನೋಟಿಸಿನೊಂದಿಗೆ ಅಪರಾಧವನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ಸಾಧನ ದಾಖಲಿಸಿದ ಅಳತೆ, ದಿನಾಂಕ, ಸಮಯ, ಸ್ಥಳ, ಯಾವ ಕಲಮಿನ ಉಲ್ಲಂಘನೆ ಎಂಬ ವಿವರ, ಮತ್ತು ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಈ ಕೊನೆಯ ಪ್ರಮಾಣಪತ್ರ ಹಿಂದಿನ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನದು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಬಂದಿದೆ. ಮೂಲ ಸಾಧನವನ್ನೇ ಹಾಜರುಪಡಿಸದಿದ್ದಾಗ ಇಂಥ ಪ್ರಮಾಣಪತ್ರ ಕಡ್ಡಾಯವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ನಿಮಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಅದೇ. ಚಲನ್ ಇತ್ಯರ್ಥವಾಗುವವರೆಗೆ ಕ್ಯಾಮೆರಾದ ದಾಖಲೆಯನ್ನು ಇಟ್ಟುಕೊಳ್ಳಬೇಕು ಎನ್ನುತ್ತದೆ ನಿಯಮ. ನೀವು ಹಣ ಕಟ್ಟಿದ ಕ್ಷಣ ಚಲನ್ ಇತ್ಯರ್ಥವಾಗುತ್ತದೆ. ದಾಖಲೆ ಇಟ್ಟುಕೊಳ್ಳುವ ಹೊಣೆಯೂ ಅಲ್ಲಿಗೆ ಮುಗಿಯುತ್ತದೆ. ‘ಮೊದಲು ಕಟ್ಟಿ, ಆಮೇಲೆ ವಿಚಾರಿಸೋಣ’ ಎಂದು ಹೊರಟವರಿಗೆ ಆಮೇಲೆ ವಿಚಾರಿಸಲು ಏನೂ ಉಳಿದಿರುವುದಿಲ್ಲ. ಜೊತೆಗೆ, ಸ್ಥಳದಲ್ಲಾಗಲಿ ಆನ್‌ಲೈನಿನಲ್ಲಾಗಲಿ ದಂಡ ಕಟ್ಟುವುದೆಂದರೆ ಕಾಯ್ದೆಯ 200ನೆಯ ಕಲಮಿನಂತೆ ರಾಜಿಯಾಗುವುದು, ಅಂದರೆ ತಪ್ಪಾಗಿದೆಯೆಂದು ಒಪ್ಪಿ ಪ್ರಕರಣವನ್ನು ಮುಗಿಸುವುದು ಎಂದೇ ಅರ್ಥ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ನಿಜವಾಗಿ ತಪ್ಪು ಮಾಡಿದವರಿಗೆ ಅದು ಒಳ್ಳೆಯ ಅವಕಾಶವೇ ಆಗಿತ್ತು, ಆದರೆ ತಪ್ಪು ಮಾಡದವರು ಅರ್ಧ ದಂಡವನ್ನಾದರೂ ಏಕೆ ಕಟ್ಟಬೇಕು?

ಈಗ ಮಾಡಬೇಕಾದ ಕೆಲಸ. ನೋಟಿಸಿನ ಎರಡೂ ಚಿತ್ರಗಳನ್ನು ಇಂದೇ ಮೊಬೈಲಿನಲ್ಲಿ ಉಳಿಸಿಕೊಂಡು, ಬಣ್ಣದಲ್ಲಿ ಮುದ್ರಿಸಿಕೊಳ್ಳಿ. ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನದ ದೃಶ್ಯ ಅಳಿಸಿಹೋಗುವ ಮೊದಲು ಬೇರೆಡೆಗೆ ನಕಲಿಸಿಡಿ, ಏಕೆಂದರೆ ಅವುಗಳ ಮೆಮೊರಿ ಕಾರ್ಡ್ ತುಂಬಿದಂತೆ ಹಳೆಯದನ್ನು ತಾನೇ ಅಳಿಸುತ್ತದೆ. ಆ ಸಂಜೆ ಜೊತೆಯಲ್ಲಿ ಯಾರಾದರೂ ಕುಳಿತಿದ್ದರೆ ಅವರಿಂದ ಸಹಿ ಮಾಡಿದ ಒಂದು ಪುಟದ ಹೇಳಿಕೆ ಪಡೆಯಿರಿ. ಆಮೇಲೆ ಸ್ಥಳದ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರ್‌ಗೆ ಲಿಖಿತ ಮನವಿ ಕೊಡಿ. ಮನವಿ ಉದ್ದವಾಗಬಾರದು, ಕೋಪವಂತೂ ಅದರಲ್ಲಿ ಇಣುಕಬಾರದು. ಇಷ್ಟು ಬರೆದರೆ ಸಾಕು:

‘ವಿಷಯ: ಚಲನ್ ಸಂಖ್ಯೆ ... ರದ್ದುಪಡಿಸುವ ಬಗ್ಗೆ. ದಿನಾಂಕ ... ರಂದು ಸಂಜೆ ... ಗಂಟೆಗೆ ನನ್ನ ಕಾರು ಸಂಖ್ಯೆ ... ಕೆಂಪು ದೀಪದ ಬಳಿ ಗೆರೆಯ ಹಿಂದೆ ನಿಂತಿತ್ತು. ಹಿಂದಿನಿಂದ ಸೈರನ್‌ನೊಂದಿಗೆ ಬಂದ ಆಂಬುಲೆನ್ಸ್‌ಗೆ ದಾರಿ ಬಿಡಲು ಒಂದು ಕಾರಿನ ಉದ್ದದಷ್ಟು ಮುಂದೆ ಸರಿದು ನಿಂತಿದ್ದೇನೆ, ವೃತ್ತವನ್ನು ದಾಟಿಲ್ಲ. ನೋಟಿಸಿನ ಮೊದಲ ಚಿತ್ರದ ಮೇಲಂಚಿನಲ್ಲಿ ಆಂಬುಲೆನ್ಸ್ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 194ಇ ಮತ್ತು ಭಾರತೀಯ ನ್ಯಾಯ ಸಂಹಿತೆಯ 19ನೆಯ ಕಲಮುಗಳನ್ನು ಗಮನಿಸಬೇಕೆಂದು ವಿನಂತಿ. ಘಟನೆಯ ಹಿಂದಿನ ಹಾಗೂ ಮುಂದಿನ ಒಂದೊಂದು ನಿಮಿಷದ ಪೂರ್ಣ ದೃಶ್ಯವನ್ನು ಪರಿಶೀಲಿಸಿ, ಚಲನ್ ರದ್ದುಪಡಿಸಬೇಕೆಂದೂ, ಇತ್ಯರ್ಥವಾಗುವವರೆಗೆ ದೃಶ್ಯವನ್ನು 167ಎ ನಿಯಮದಂತೆ ಕಾಯ್ದಿರಿಸಬೇಕೆಂದೂ ಕೋರುತ್ತೇನೆ.’

ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಮುದ್ರೆ ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ‘ಆಯ್ತು ಸಾರ್, ನೋಡ್ತೀವಿ’ ಎಂಬ ಬಾಯಿಮಾತನ್ನು ನಂಬಿ ಬರಿಗೈಯಲ್ಲಿ ಹಿಂತಿರುಗಬೇಡಿ. ಮನವಿಯನ್ನು ಒಪ್ಪದಿದ್ದರೆ ಕಾರಣ ಸಹಿತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡುವಂತೆ ಅದರಲ್ಲೇ ಕೇಳಿರಿ. ಕಚೇರಿಗಳಲ್ಲಿ ಹಿಂಬರಹ ಎಂಬ ಪದಕ್ಕೆ ಇರುವ ತೂಕ ಹತ್ತು ಸಲ ಓಡಾಡುವುದಕ್ಕಿಲ್ಲ. ವೃತ್ತದ ಕ್ಯಾಮೆರಾಕ್ಕೆ ಅನುಮೋದನೆ ಇದೆಯೇ ಎಂದು ತಿಳಿಯಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳು ಎಂಬ ಮಿತಿ ಇರುವುದರಿಂದ, ಅನುಮೋದನಾ ಪ್ರಮಾಣಪತ್ರದ ಪ್ರತಿಯನ್ನಷ್ಟೇ ಕೇಳಿರಿ.

ಪ್ರಶ್ನೆ: ನಾನು ತುಮಕೂರಿನಲ್ಲಿರುವವಳು. ನನ್ನ ಸ್ಕೂಟರ್ ಎರಡು ವರ್ಷದಿಂದ ಊರು ಬಿಟ್ಟು ಹೋಗಿಲ್ಲ. ಆದರೆ ಬೆಂಗಳೂರಿನಲ್ಲಿ ಹೆಲ್ಮೆಟ್ ಧರಿಸಿಲ್ಲವೆಂದು ಒಂದೇ ತಿಂಗಳಿನಲ್ಲಿ ಎರಡು ಸಲ ತಲಾ 500 ರೂಪಾಯಿ ದಂಡ ಬಂದಿದೆ. ಚಿತ್ರದಲ್ಲಿರುವುದು ನನ್ನ ಗಾಡಿಯೇ ಅಲ್ಲ.
– ಗೃಹಿಣಿ, ತುಮಕೂರು

ಉತ್ತರ: ಇದಕ್ಕೆ ಎರಡು ಕಾರಣಗಳಿರಬಹುದು, ಎರಡಕ್ಕೂ ದಾರಿ ಬೇರೆ ಬೇರೆ. ಚಿತ್ರವನ್ನು ದೊಡ್ಡದು ಮಾಡಿಕೊಂಡು ನಂಬರ್ ಪ್ಲೇಟಿನ ಒಂದೊಂದೇ ಅಕ್ಷರವನ್ನು ನೋಡಿ. ಅಲ್ಲಿರುವ ಸಂಖ್ಯೆ ನಿಮ್ಮದಕ್ಕಿಂತ ಬೇರೆಯಾಗಿದ್ದರೆ, ಉದಾಹರಣೆಗೆ 3 ಇದ್ದಲ್ಲಿ 8 ಎಂದು ಓದಿಕೊಂಡಿದ್ದರೆ, ತಪ್ಪು ಯಂತ್ರದ್ದು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ವೃತ್ತಗಳಲ್ಲಿ ಆರಂಭವಾದ ವ್ಯವಸ್ಥೆಯಲ್ಲಿಯೇ ನಂಬರ್ ಓದುವ 250 ಕ್ಯಾಮೆರಾಗಳಿದ್ದವು. ಇಷ್ಟು ಕಣ್ಣುಗಳು ಹಗಲಿರುಳು ಓದುತ್ತಿರುವಾಗ, ಮಣ್ಣು ಮೆತ್ತಿದ, ಬಣ್ಣ ಮಾಸಿದ ಪ್ಲೇಟುಗಳಲ್ಲಿ ಎಡವುವುದು ಸಹಜ. 2021ರಲ್ಲಿ ಬ್ರಿಟನ್ನಿನ ಬಾತ್ ನಗರದಲ್ಲಿ, ಬಸ್ ಪಥದಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯ ಟೀ ಶರ್ಟಿನ ಮೇಲಿದ್ದ ‘ನಿಟ್ಟರ್’ ಎಂಬ ಇಂಗ್ಲಿಷ್ ಪದವನ್ನೇ ಕ್ಯಾಮೆರಾ ವಾಹನದ ಸಂಖ್ಯೆಯೆಂದು ಓದಿ, ಬೇರೆಯೇ ಕೌಂಟಿಯಲ್ಲಿದ್ದ ದಂಪತಿಗೆ ದಂಡದ ನೋಟಿಸ್ ಹೋಗಿತ್ತು. ಚಿತ್ರ ನೋಡಿದ ಕೂಡಲೇ ಅದು ರದ್ದಾಯಿತು. ನಿಮ್ಮ ಪ್ರಕರಣ ಇಂಥದ್ದಾಗಿದ್ದರೆ ಆರ್‌ಸಿ (ವಾಹನದ ನೋಂದಣಿ ಪತ್ರ) ಪ್ರತಿಯೊಂದಿಗೆ ಒಂದು ಮನವಿ ಸಾಕಾಗುತ್ತದೆ.

ಆದರೆ ನೀವು ಕಳುಹಿಸಿರುವ ಚಿತ್ರಗಳಲ್ಲಿ ಸಂಖ್ಯೆ ನಿಮ್ಮದೇ, ಗಾಡಿ ಮಾತ್ರ ಬೇರೆ. ನಿಮ್ಮ ಸ್ಕೂಟರಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಇದೆ. ಚಿತ್ರದಲ್ಲಿರುವ ಗಾಡಿಗೆ ಬಣ್ಣದಲ್ಲಿ ಬರೆದ ಸಾದಾ ಪ್ಲೇಟಿದೆ, ಬಲಗಡೆಯ ಕನ್ನಡಿ ಇಲ್ಲ, ಮುಂದಿನ ಮಡ್‌ಗಾರ್ಡ್ ಬೇರೆ ಬಣ್ಣದ್ದು. ಅಂದರೆ ಯಾರೋ ನಿಮ್ಮ ಸಂಖ್ಯೆಯನ್ನು ತಮ್ಮ ಗಾಡಿಗೆ ಹಾಕಿಕೊಂಡು ಓಡಾಡುತ್ತಿದ್ದಾರೆ. ಇದನ್ನು ಸಾವಿರ ರೂಪಾಯಿಯ ವಿಷಯವೆಂದು ಖಂಡಿತ ಭಾವಿಸಬೇಡಿ. ಅದೇ ಗಾಡಿ ನಾಳೆ ಯಾರಿಗಾದರೂ ಗುದ್ದಿ ಓಡಿದರೆ, ಸರಗಳ್ಳತನಕ್ಕೆ ಬಳಕೆಯಾದರೆ, ಪೊಲೀಸರು ಮೊದಲು ಬಂದು ನಿಲ್ಲುವುದು ನಿಮ್ಮ ಮನೆಯ ಬಾಗಿಲಿಗೆ. ಆದ್ದರಿಂದ ದಂಡದ ಮನವಿಗಿಂತ ಮುಂಚೆ ನಿಮ್ಮ ಊರಿನ ಠಾಣೆಯಲ್ಲಿ, ನಿಮ್ಮ ವಾಹನದ ಸಂಖ್ಯೆಯನ್ನು ಬೇರೆಯವರು ಬಳಸುತ್ತಿದ್ದಾರೆಂದು ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದೂರಿನ ಪ್ರತಿಯನ್ನು ಮನವಿಗೆ ಲಗತ್ತಿಸಿ.

ನಿಮ್ಮ ಗಾಡಿಯ ಚಿತ್ರಗಳನ್ನು ತೆಗೆಯುವಾಗ ಒಂದು ಎಚ್ಚರಿಕೆ. ದಂಡದ ಚಿತ್ರ ಯಾವ ಕೋನದಿಂದ ಇದೆಯೋ ಅದೇ ಕೋನದಿಂದ, ಅಷ್ಟೇ ದೂರದಿಂದ ತೆಗೆಸಿ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿ, ವ್ಯತ್ಯಾಸಗಳಿಗೆ ಪೆನ್ನಿನಿಂದ ಸುತ್ತು ಹಾಕಿರಿ. ಇನ್ನೊಂದು ಚಿತ್ರವನ್ನು ಪ್ಲೇಟಿಗೆ ಹತ್ತಿರ ಹಿಡಿದು ತೆಗೆಯಿರಿ: ಎಡಭಾಗದ ಅಶೋಕಚಕ್ರದ ಹೊಲೊಗ್ರಾಮ್ ಮತ್ತು ಕೆಳಗೆ ಎಡಮೂಲೆಯಲ್ಲಿ ಲೇಸರ್‌ನಿಂದ ಕೊರೆದ ಹತ್ತು ಅಂಕಿ-ಅಕ್ಷರಗಳ ಗುರುತುಸಂಖ್ಯೆ ಕಾಣುವಂತಿರಲಿ. ನಕಲಿ ಪ್ಲೇಟಿನಲ್ಲಿ ಇವಿರುವುದಿಲ್ಲ. ಆ ದಿನ ನೀವು ತುಮಕೂರಿನಲ್ಲೇ ಇದ್ದುದಕ್ಕೆ ಪೆಟ್ರೋಲ್ ಬಂಕಿನ ರಸೀದಿ, ಸರ್ವಿಸ್ ಬಿಲ್ ಏನಿದ್ದರೂ ಸೇರಿಸಿ. ನೂರು ಸಾಲಿನ ಬರಹಕ್ಕಿಂತ ಅಕ್ಕಪಕ್ಕದ ಆ ಎರಡು ಚಿತ್ರಗಳೇ ನಿಮ್ಮ ಪರವಾಗಿ ಮಾತಾಡುತ್ತವೆ.

ಪ್ರಶ್ನೆ: ಸಂಚಾರ ದಂಡ ಬಾಕಿಯಿದೆ, ಚಿತ್ರ ನೋಡಲು ಈ ಆ್ಯಪ್ ಹಾಕಿಕೊಳ್ಳಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನನ್ನ ಗಾಡಿಯ ಸಂಖ್ಯೆಯೂ ಅದರಲ್ಲಿದೆ. ಇದನ್ನು ಪ್ರಶ್ನಿಸುವುದು ಹೇಗೆ?
– ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಪ್ರಶ್ನಿಸುವುದೂ ಬೇಡ, ಮುಟ್ಟುವುದೂ ಬೇಡ. ಎಪಿಕೆ ಕಡತ (ಆ್ಯಪ್ ಅನ್ನು ನೇರವಾಗಿ ಫೋನಿಗೆ ಹಾಕುವ ಕಡತ) ಕಳುಹಿಸಿ ಫೋನಿನೊಳಗೆ ನುಗ್ಗುವ ವಂಚಕರ ಕೆಲಸ ಇದು. ಸಂಖ್ಯೆ ಸರಿಯಾಗಿರುವುದು ಏನನ್ನೂ ಸಾಬೀತುಪಡಿಸುವುದಿಲ್ಲ, ಅದು ನಿಮ್ಮ ಗಾಡಿಯ ಹಿಂದೆಯೇ ಬರೆದಿದೆ. ಸರ್ಕಾರದ ಪರಿವಾಹನ್ ಇ-ಚಲನ್ ತಾಣವನ್ನು ನೀವೇ ತೆರೆದು, ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುವುದನ್ನು ಖಚಿತಪಡಿಸಿಕೊಂಡು, ಅಲ್ಲಿ ವಾಹನದ ಸಂಖ್ಯೆ ಹಾಕಿ ನೋಡಿರಿ. ಈಗಾಗಲೇ ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 118 ಕಿಲೋಮೀಟರ್ ವೇಗವೆಂದು ದಂಡ ಬಂದಿದೆ. ಅಷ್ಟು ಚೆನ್ನಾದ ರಸ್ತೆಯಲ್ಲಿ ಎಲ್ಲರೂ ಅದೇ ವೇಗದಲ್ಲಿ ಹೋಗುತ್ತಿದ್ದರು. ನೋಟಿಸ್ ಕೂಡ ಒಂದು ತಿಂಗಳ ನಂತರ ಬಂದಿದೆ. ಇದನ್ನು ರದ್ದುಪಡಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ನೀವು 118ರಲ್ಲಿ ಹೋಗಿರಲಿಲ್ಲವೆಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಅಲ್ಲಿನ ಮಿತಿ 100. ಎಲ್ಲರೂ ಹೋಗುತ್ತಿದ್ದರು ಎಂಬುದು ಉತ್ತರವಾಗುವುದಿಲ್ಲ; ಆ ರಸ್ತೆಯಲ್ಲಿ ಸತ್ತವರ ಮನೆಗಳಿಗೆ ಹೋಗಿ ಆ ಮಾತನ್ನು ಹೇಳಲು ನಮಗೆ ಯಾರಿಗೂ ಬಾಯಿ ಬಾರದು. ನೋಟಿಸ್ ಹದಿನೈದು ದಿನ ದಾಟಿ ಬಂದಿರುವುದು ನಿಯಮದ ಲೋಪ ಹೌದು, ಅದನ್ನು ಎತ್ತಬಹುದು. ಆದರೆ ಅದೊಂದರಿಂದಲೇ ಪ್ರಕರಣ ಬಿದ್ದುಹೋಗುತ್ತದೆಂದು ನಂಬಿ ಕೂರಬೇಡಿ. ಹಾಗೆಯೇ, ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧವನ್ನು ಆರು ತಿಂಗಳ ನಂತರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲವೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೆಯ ಕಲಂ ಹೇಳುತ್ತದೆ, ಆದರೆ ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ನಿಮಗೆ ನನ್ನ ಸಲಹೆ, ಕಟ್ಟಿರಿ. ಮುಂದಿನ ಸಲ 100ರೊಳಗೆ ಹೋಗಿರಿ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ದಾಖಲಾಗುತ್ತಿದೆ ಎಂಬುದೂ ನೆನಪಿರಲಿ.

ನಿಜವಾಗಿಯೂ ಮಿತಿಯೊಳಗೇ ಇದ್ದವರು, ಇದನ್ನು ಓದುತ್ತಿದ್ದರೆ, ಮೊದಲು ಕೇಳಬೇಕಾದದ್ದು ನೋಟಿಸಿನಲ್ಲಿ ಸಾಧನದ ಅಳತೆ ಇದೆಯೇ, ಮತ್ತು ಚಿತ್ರದ ಚೌಕಟ್ಟಿನಲ್ಲಿ ಪಕ್ಕದ ಪಥದಲ್ಲಿ ಇನ್ನೊಂದು ವಾಹನವಿದೆಯೇ ಎಂದು. ಎರಡು ವಾಹನಗಳು ಜೊತೆಯಲ್ಲಿರುವಾಗ ಅಳತೆ ಯಾವುದಕ್ಕೆ ಸೇರಿದ್ದು ಎಂಬ ಪ್ರಶ್ನೆ ನ್ಯಾಯವಾದದ್ದು. ಫಾಸ್ಟ್ಯಾಗ್‌ನಲ್ಲಿ ಎರಡು ಟೋಲ್‌ಗಳನ್ನು ದಾಟಿದ ಸಮಯ ದಾಖಲಾಗಿರುವುದರಿಂದ ಸರಾಸರಿ ವೇಗವನ್ನು ಲೆಕ್ಕ ಹಾಕಬಹುದು. ಆ ಒಂದು ಕ್ಷಣದ ವೇಗವನ್ನು ಅದು ಅಲ್ಲಗಳೆಯಲಾರದು, ಆದರೂ ಪೂರಕ ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ಸೀಟ್ ಬೆಲ್ಟ್ ಹಾಕಿದ್ದರೂ ದಂಡ ಬಂದಿತ್ತು. ಮನವಿ ಕೊಟ್ಟೆ, ಒಪ್ಪಲಿಲ್ಲ. ಈಗ ಕೋರ್ಟಿಗೆ ಹೋಗಲು ವಕೀಲರನ್ನು ಇಟ್ಟರೆ ಅವರ ಶುಲ್ಕವೇ ದಂಡಕ್ಕಿಂತ ಹೆಚ್ಚಾಗುತ್ತದೆ. ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟ್ ಕಾಣದಿದ್ದರೆ ಅದು ನನ್ನ ತಪ್ಪೇ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಅಲ್ಲ. ಬೆಲ್ಟ್ ಹಾಕಿರಲಿಲ್ಲವೆಂದು ತೋರಿಸುವ ಹೊಣೆ ಆರೋಪ ಮಾಡಿದವರದು. ಚಿತ್ರ ಅಸ್ಪಷ್ಟವಾಗಿದ್ದರೆ ಅದರ ಲಾಭ ನಿಮಗೆ ಸಲ್ಲಬೇಕು. ವಕೀಲರು ಕಡ್ಡಾಯವಲ್ಲ. ಸಮನ್ಸ್ ಬಂದರೆ ನೀವೇ ಹಾಜರಾಗಬಹುದು. ಪ್ರಕರಣ ವರ್ಚುವಲ್ ಕೋರ್ಟಿಗೆ (ಆನ್‌ಲೈನಿನಲ್ಲೇ ನಡೆಯುವ ನ್ಯಾಯಾಲಯಕ್ಕೆ) ಹೋಗಿದ್ದರೆ ಅದರ ತಾಣದಲ್ಲಿ ದಂಡ ಕಟ್ಟುವ ಮತ್ತು ಪ್ರಕರಣವನ್ನು ಪ್ರಶ್ನಿಸುವ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನು ಆರಿಸಿದರೆ ಅದು ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಸಹಾಯ ಬೇಕೆನಿಸಿದರೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮುಂತಾದ ಕೆಲವು ವರ್ಗದವರಿಗೆ ಆದಾಯವನ್ನು ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ.

ಒಂದು ದಿನದ ರಜೆ ಬೇಕಾಗುತ್ತದೆ ಎಂಬುದನ್ನು ಮರೆಮಾಚುವುದಿಲ್ಲ, ಕೆಲವೊಮ್ಮೆ ಎರಡು ದಿನವೂ ಬೇಕಾದೀತು. ಕೂಗಿದಾಗ ಎದ್ದು ಮುಂದೆ ನಿಂತು, ತಪ್ಪು ಒಪ್ಪುವಿರಾ ಎಂದು ಕೇಳಿದಾಗ ‘ಒಪ್ಪುವುದಿಲ್ಲ, ಸ್ವಾಮಿ’ ಎಂದು ಸ್ಪಷ್ಟವಾಗಿ ಹೇಳಿ. ಬಹಳ ಜನ ಆ ಗದ್ದಲದಲ್ಲಿ ಗಾಬರಿಯಾಗಿ ತಲೆಯಾಡಿಸಿಬಿಡುತ್ತಾರೆ. ಅದನ್ನು ಒಪ್ಪಿಗೆಯೆಂದೇ ಬರೆದುಕೊಳ್ಳುತ್ತಾರೆ. ಆಮೇಲೆ ಮೂಲ ಚಿತ್ರವನ್ನೂ ಅದರ 63ನೆಯ ಕಲಮಿನ ಪ್ರಮಾಣಪತ್ರವನ್ನೂ ಹಾಜರುಪಡಿಸುವಂತೆ ಕೋರಿರಿ. ಮೊಬೈಲಿಗೆ ಬರುವ ಚಿತ್ರ ಕುಗ್ಗಿಸಿದ ಪ್ರತಿ. ಮೂಲವನ್ನು ದೊಡ್ಡದು ಮಾಡಿದಾಗ ಹೆಗಲಿನಿಂದ ಓರೆಯಾಗಿ ಇಳಿದ ಬೆಲ್ಟಿನ ಅಂಚು, ಹೆಗಲ ಬಳಿಯ ಕೊಕ್ಕೆಯ ಹೊಳಪು ಕಾಣುವ ಸಂಭವವಿದೆ. ಹೋಗುವಾಗ ಆರ್‌ಸಿ, ಚಾಲನಾ ಪರವಾನಗಿ, ನೋಟಿಸ್, ಮನವಿಯ ಸ್ವೀಕೃತಿ, ಹಿಂಬರಹ ಇವುಗಳ ಮೂಲವನ್ನೂ ಎರಡೆರಡು ನಕಲುಗಳನ್ನೂ ಕೊಂಡೊಯ್ಯಿರಿ. ಆ ದಿನ ಧರಿಸಿದ್ದ ಅದೇ ಕಪ್ಪು ಅಂಗಿಯನ್ನು ಹಾಕಿ, ಅದೇ ಕಾರಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತು, ಮುಂದಿನ ಗಾಜಿನ ಹೊರಗಿನಿಂದ ಸಂಜೆಯ ಬೆಳಕಿನಲ್ಲಿ ತೆಗೆಸಿದ ಒಂದು ಚಿತ್ರವೂ ಕಡತದಲ್ಲಿರಲಿ.